ನೊಣ ಕಟ್ಟುವ ವಿದ್ಯೆ

ಸರ್ಕಾರಿ ಕಚೇರಿಯ ಗುಮಾಸ್ತರು ನೊಣ ಹೊಡೆಯುತ್ತ ಕೂತಿರುತ್ತಾರೆಂದು ಜನ ಆಡಿಕೊಳ್ಳುವುದು ಹೊಸತೇನಲ್ಲ. ಇಪ್ಪತ್ತು ವರ್ಷ ಆ ಮಾತನ್ನು ಕೇಳಿ ಕೇಳಿ ನನಗೂ ರೂಢಿಯಾಗಿದೆ. ಆದರೆ ನೊಣ ಕಟ್ಟುವ ಗುಮಾಸ್ತರೂ ಇದ್ದಾರೆಂದರೆ ನಮ್ಮ ಸಂಘದ ಸದಸ್ಯರು ಸುಲಭವಾಗಿ ನಂಬಲಾರರು. ಸಂಘದ ಊಟದ ಪಂಕ್ತಿಯಲ್ಲಿ ಒಮ್ಮೆ ಈ ಸುದ್ದಿ ಹೇಗೋ ಹೊರಬಿದ್ದಾಗ, ಪಕ್ಕದಲ್ಲಿದ್ದ ಹಿರಿಯರೊಬ್ಬರು, "ಅಲ್ಲ ಮಾರಾಯರೆ, ನೊಣವನ್ನು ಯಾಕೆ ಕಟ್ಟಬೇಕು? ಅದೇನು ಬಿಚ್ಚಿಕೊಂಡು ಓಡುವ ಎಮ್ಮೆಯೇ?" ಎಂದು ಕೇಳಿದರು. ಪಂಕ್ತಿಯೆಲ್ಲ ನಕ್ಕಿತು. ಅಷ್ಟರಲ್ಲಿ ಪಾಯಸ ಬಂದುದರಿಂದ ಉತ್ತರ ಕೊಡಲು ಆಗಲಿಲ್ಲ. ಉತ್ತರ ಕೊಂಚ ಉದ್ದವಾದದ್ದು. ಆದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ನೊಣವೆಂದರೆ ಇಲ್ಲಿ ಮೀನಿನ ಗಾಳಕ್ಕೆಂದು ಕೈಯಲ್ಲಿ ಮಾಡಿದ ಕೃತಕ ನೊಣ. ಇಂಗ್ಲಿಷಿನಲ್ಲಿ ಅದಕ್ಕೆ ಫ್ಲೈ ಎಂದೇ ಹೆಸರು. ಟ್ರೌಟ್ ಎಂಬ ತಣ್ಣೀರಿನ ಮೀನು ಹೊಳೆಯ ಕಲ್ಲುಸಂದಿಗಳಲ್ಲಿ ಬೆಳೆಯುವ ಪುಟ್ಟ ಹುಳುಗಳನ್ನು ತಿಂದು ಬದುಕುತ್ತದೆ. ಆ ಹುಳುಗಳಿಗೆ ರೆಕ್ಕೆ ಬಂದು ನೀರಿನ ಮೇಲೆ ಕುಳಿತಾಗಲೂ ಬಿಡುವುದಿಲ್ಲ. ಅವುಗಳಲ್ಲಿ ಮುಖ್ಯವಾದದ್ದು ಮೇಫ್ಲೈ. ನನ್ನಂತೆ ಬಿ.ಎಸ್‌ಸಿ.ಗೆ ಪ್ರಾಣಿಶಾಸ್ತ್ರ ಓದಿದವರಿಗೆ ಎಫಿಮೆರಾಪ್ಟೆರಾ ಎಂಬ ಗಣದ ಹೆಸರು ನೆನಪಿರಬಹುದು. ಒಂದು ದಿನದ ಬಾಳು ಎಂಬರ್ಥದ ಗ್ರೀಕ್ ಪದದಿಂದ ಬಂದ ಹೆಸರು ಅದು. ನೀರಿನಡಿಯಲ್ಲಿ ತಿಂಗಳುಗಟ್ಟಲೆ ಬೆಳೆದು, ರೆಕ್ಕೆ ಬಂದ ಮೇಲೆ ಈ ಹುಳು ಬದುಕುವುದು ಕೆಲವು ಗಂಟೆ, ಹೆಚ್ಚೆಂದರೆ ಒಂದೆರಡು ದಿನ. ಆ ಕಾಲದಲ್ಲಿ ಅದು ಏನನ್ನೂ ತಿನ್ನುವುದಿಲ್ಲ. ಅಷ್ಟು ನಾಜೂಕಿನ ಜೀವವನ್ನು ಕೊಕ್ಕೆಗೆ ಚುಚ್ಚಿದರೆ ಉಳಿಯುವುದೆಲ್ಲಿ? ಆದ್ದರಿಂದ ಬರಿಯ ಕೊಕ್ಕೆಯ ಮೇಲೆಯೇ ರೇಷ್ಮೆ ದಾರ, ಉಣ್ಣೆ, ಗರಿಗಳನ್ನು ಸುತ್ತಿ, ಅದರ ರೂಪವನ್ನು ಕಟ್ಟುತ್ತಾರೆ.

ಇದು ನಿನ್ನೆ ಮೊನ್ನೆಯ ವಿದ್ಯೆಯೂ ಅಲ್ಲ. ಕ್ರಿ.ಶ. 200ರ ಸುಮಾರಿನಲ್ಲಿದ್ದ ರೋಮಿನ ಲೇಖಕ ಈಲಿಯನ್ ಪ್ರಾಣಿಗಳ ಬಗ್ಗೆ ಬರೆದ ತನ್ನ ಗ್ರಂಥದಲ್ಲಿ ಮ್ಯಾಸಿಡೋನಿಯದ ಜನ ಹೀಗೆ ಮೀನು ಹಿಡಿಯುವುದನ್ನು ಹೇಳಿದ್ದಾನೆ. ಕೊಕ್ಕೆಗೆ ಕೆಂಪು ಉಣ್ಣೆ ಸುತ್ತಿ, ಹುಂಜದ ಗಲ್ಲದ ಜೋಲಿನ ಕೆಳಗೆ ಬೆಳೆಯುವ ಮೇಣದ ಬಣ್ಣದ ಎರಡು ಗರಿಗಳನ್ನು ಕಟ್ಟುತ್ತಿದ್ದರಂತೆ. ಮಲೆನಾಡಿನ ಹಳ್ಳದ ದಂಡೆಯಲ್ಲಿ ಎರೆಹುಳು ಚುಚ್ಚಿದ ಗಾಳ ಹಿಡಿದು ಬೆಳೆದ ನನಗೆ ಇದೆಲ್ಲ ತಿಳಿದದ್ದು ದೆಹಲಿಯ ಸರ್ಕಾರಿ ವಸತಿಯಲ್ಲಿ, ಅದೂ ನಲವತ್ತು ದಾಟಿದ ಮೇಲೆ.

ನಮ್ಮ ಮನೆಯಿಂದ ಎರಡು ಬೀದಿ ಆಚೆ, ಮಗಳ ಮನೆಯಲ್ಲಿ, ಹಿಮಾಚಲದ ಹಿರಿಯರೊಬ್ಬರಿದ್ದಾರೆ. ಕೇಂದ್ರ ಸರ್ಕಾರದಲ್ಲೇ ಕೆಲಸ ಮಾಡಿ ನಿವೃತ್ತರಾದವರು. ಬಡಾವಣೆಯವರೆಲ್ಲ ಕರೆಯುವಂತೆ ನಾನೂ ಅವರನ್ನು ಬಾವೂಜಿ ಎಂದೇ ಕರೆಯುವುದು. ಅವರ ಊರು ಕುಲ್ಲು ಜಿಲ್ಲೆಯ ತೀರ್ಥನ್ ಹೊಳೆಯ ಕಣಿವೆಯಲ್ಲಿದೆ. ಟ್ರೌಟ್ ನಮ್ಮ ದೇಶದ ಮೀನಲ್ಲ. ಬ್ರಿಟನ್ನಿನಿಂದ ಮೊಟ್ಟೆ ತರಿಸಿ 1900ರ ಸುಮಾರಿಗೆ ಕಾಶ್ಮೀರದಲ್ಲಿ ನೆಲೆಗೊಳಿಸಿದರು. ಅಲ್ಲಿಂದ 1909ರಲ್ಲಿ ಕುಲ್ಲುವಿನ ಬಿಯಾಸ್ ದಂಡೆಗೆ ಬಂತು. ಇತ್ತ ದಕ್ಷಿಣದಲ್ಲಿ ನೀಲಗಿರಿಯ ಹೊಳೆಗಳಿಗೂ ಬಂತು. ನೂರು ವರ್ಷ ಕಳೆದ ಮೇಲೆ ಈಗ ತೀರ್ಥನ್ ಕಣಿವೆಯವರಿಗೆ ಅದು ತಮ್ಮ ಊರಿನ ಮೀನೇ. ಬಾವೂಜಿ ಹುಡುಗರಾಗಿದ್ದಾಗಿನಿಂದ ಅಲ್ಲಿ ಗಾಳ ಹಾಕಿದವರು. 1964ರಲ್ಲಿ ಒಂದು ನೋಟುಬುಕ್ಕಿನಲ್ಲಿ ನೊಣಗಳ ನಮೂನೆಗಳನ್ನು ಬರೆದಿಡಲು ಆರಂಭಿಸಿದರು. ಸಾಹೇಬರ ಕಾಲದ ಮೀನುಗಾವಲಿನವರಿಂದ ಕೇಳಿದ್ದು, ಯಾರದೋ ಪುಸ್ತಕದಲ್ಲಿ ನೋಡಿದ್ದು, ತಾವೇ ಮಾಡಿ ನೋಡಿದ್ದು, ಎಲ್ಲ ಸೇರಿ ಒಟ್ಟು 31 ನಮೂನೆಗಳು. ಅರ್ಧ ಇಂಗ್ಲಿಷು, ಅರ್ಧ ಹಿಂದಿ.

ಮೂರು ವರ್ಷಗಳ ಹಿಂದೆ ಅವರ ಬೆರಳುಗಳಿಗೆ ನಡುಕ ಬಂತು. ಊರಿನಲ್ಲಿರುವ ಮೊಮ್ಮಗ ಅತಿಥಿಗಳನ್ನು ಹೊಳೆಗೆ ಕರೆದುಕೊಂಡು ಹೋಗಿ ಗಾಳ ಹಾಕಿಸುವ ಕೆಲಸ ಮಾಡುತ್ತಾನೆ. ಅದೇ ಅವನ ಜೀವನ. ಪೇಟೆಯಲ್ಲಿ ಕೊಂಡ ನೊಣಗಳಿಗೆ ಹೆಸರು ಅವೇ ಇದ್ದರೂ ಅಜ್ಜ ಕಟ್ಟಿದವುಗಳಂತೆ ಅವು ಕೆಲಸ ಮಾಡುವುದಿಲ್ಲವೆಂದು ಅವನ ದೂರು. "ಬೇಟಾ, ನೀನು ವಿಜ್ಞಾನ ಓದಿದವನು. ಕೈಬರಹ ಓದಿ ಅಭ್ಯಾಸವಿದ್ದವನು. ಇದನ್ನು ಒಮ್ಮೆ ಶುದ್ಧವಾಗಿ ಬರೆದುಕೊಡುತ್ತೀಯಾ?" ಎಂದು ಬಾವೂಜಿ ನೋಟುಬುಕ್ಕನ್ನು ನನ್ನ ಕೈಯಲ್ಲಿಟ್ಟರು. ಶುದ್ಧಪ್ರತಿ ತೆಗೆಯುವುದು ನನ್ನ ಹೊಟ್ಟೆಪಾಡಿನ ಕೆಲಸವೇ ತಾನೇ. ಒಪ್ಪಿಕೊಂಡೆ.

ನಮೂನೆಯನ್ನು ಬರೆಯುವ ಕ್ರಮ ಎಲ್ಲ ಕಡೆಯೂ ಹೆಚ್ಚುಕಡಿಮೆ ಒಂದೇ. ಮೊದಲು ಕೊಕ್ಕೆಯ ಅಳತೆ, ಆಮೇಲೆ ದಾರ, ಬಾಲ, ದೇಹ, ದೇಹದ ಮೇಲೆ ಸುತ್ತುವ ತಂತಿ, ರೆಕ್ಕೆ, ಕೊನೆಗೆ ಹ್ಯಾಕಲ್. ಹ್ಯಾಕಲ್ ಎಂದರೆ ಹುಂಜದ ಕತ್ತಿನ ಉದ್ದನೆಯ ಗರಿ. ಅದನ್ನು ಕೊಕ್ಕೆಯ ಸುತ್ತ ಸುತ್ತಿದರೆ ಎಳೆಗಳು ಚಕ್ರದ ಅರೆಕಾಲುಗಳ ಹಾಗೆ ಸುತ್ತಲೂ ಎದ್ದು ನಿಲ್ಲುತ್ತವೆ. ತೇಲುವ ನೊಣ ಆ ಎಳೆಗಳ ತುದಿಯ ಮೇಲೆಯೇ ನೀರಿನಲ್ಲಿ ನಿಲ್ಲುತ್ತದೆ. ಕೊಕ್ಕೆಯ ಅಂಕೆ ಹೆಚ್ಚಾದಷ್ಟೂ ಕೊಕ್ಕೆ ಚಿಕ್ಕದು. 12ಕ್ಕಿಂತ 16 ಚಿಕ್ಕದು. ಹಳೆಯ ಇಂಗ್ಲಿಷ್ ಪುಸ್ತಕಗಳಲ್ಲಿ 0, 00 ಎಂಬ ಬೇರೆಯೇ ಲೆಕ್ಕವಿದೆ. ನಮ್ಮ ಸರ್ಕಾರಿ ವೇತನ ಶ್ರೇಣಿಗಳನ್ನು ಅರ್ಥಮಾಡಿಕೊಂಡವನಿಗೆ ಇದೇನೂ ಕಷ್ಟವಲ್ಲ.

ಕಷ್ಟವಾದದ್ದು ಬೇರೆ. ನೋಟುಬುಕ್ಕಿನ ಮೊದಲ ನಮೂನೆಯ ಹೆಸರು ಗ್ರೀನ್‌ವೆಲ್ಸ್ ಗ್ಲೋರಿ. ಇದಕ್ಕೆ ಒಂದು ಚರಿತ್ರೆಯಿದೆ. ಇಂಗ್ಲೆಂಡಿನ ಡರ್ಹಮ್ ಊರಿನ ಪಾದ್ರಿ ವಿಲಿಯಂ ಗ್ರೀನ್‌ವೆಲ್ 1854ರಲ್ಲಿ ಟ್ವೀಡ್ ನದಿಯಲ್ಲಿ ಗಾಳ ಹಾಕುತ್ತಿದ್ದಾಗ, ಮೀನುಗಳು ಒಂದು ಹುಳುವನ್ನೇ ಹುಡುಕಿ ತಿನ್ನುವುದನ್ನು ಕಂಡ. ಆ ಹುಳುವನ್ನು ಹಿಡಿದು ಸ್ಪ್ರೌಸ್ಟನ್ ಹಳ್ಳಿಯಲ್ಲಿ ನೊಣ ಕಟ್ಟುವ ಜೇಮ್ಸ್ ರೈಟ್ ಎಂಬವನ ಬಳಿ ಒಯ್ದು, ಹೀಗೆ ಕಟ್ಟಿಕೊಡು ಎಂದ. ಈ ಪಾದ್ರಿ ಹಳೆಯ ಸಮಾಧಿದಿಬ್ಬಗಳನ್ನು ಅಗೆಸಿ ಅಧ್ಯಯನ ಮಾಡಿದ ಪುರಾತತ್ವಜ್ಞನೂ ಹೌದು. 1918ರವರೆಗೆ, ಅಂದರೆ ತುಂಬಿದ ತೊಂಬತ್ತೇಳು ವರ್ಷ, ಬದುಕಿದ್ದ. ಈಗ ಅವನ ಹೆಸರು ಹೆಚ್ಚಾಗಿ ಉಳಿದಿರುವುದು ಈ ನೊಣದಲ್ಲಿ.

ನೋಟುಬುಕ್ಕಿನಲ್ಲಿ ಅದರ ನಮೂನೆ ಒಂದೂವರೆ ಸಾಲಿನಷ್ಟು. ಕೊಕ್ಕೆ 14, ದೇಹ ಹಳದಿ ರೇಷ್ಮೆ, ಚಿನ್ನದ ಬಣ್ಣದ ತಂತಿ, ರೆಕ್ಕೆ ಬೂದು, ಹ್ಯಾಕಲ್ ಯಥಾಪ್ರಕಾರ. ಆದರೆ ಬಾವೂಜಿಯ ತಗಡಿನ ಡಬ್ಬಿಯಲ್ಲಿ ಅದೇ ಹೆಸರಿನ ಚೀಟಿ ಕಟ್ಟಿದ್ದ ನೊಣದ ದೇಹ ಹಳದಿಯಲ್ಲ, ಪಾಚಿಯ ಹಸಿರು. ಹಳೆಯದಾಗಿ ಬಣ್ಣ ಕೆಟ್ಟಿರಬಹುದೇ ಎಂದರೆ ಆರಕ್ಕೆ ಆರೂ ಒಂದೇ ಬಣ್ಣ. ಚೀಟಿ ತಪ್ಪೋ, ಪುಸ್ತಕ ತಪ್ಪೋ? ಕೇಳಿದೆ. ಬಾವೂಜಿಗೆ ನನ್ನ ಪ್ರಶ್ನೆಯೇ ಅರ್ಥವಾಗಲಿಲ್ಲ. "ಎರಡೂ ಸರಿ. ಹಳದಿ ದಾರಕ್ಕೆ ಮೇಣ ಹಚ್ಚಿದರೆ ಹಸಿರಾಗುತ್ತದೆ," ಎಂದರು. ಮೇಣವೆಂದು ಎಲ್ಲಿಯೂ ಬರೆದಿಲ್ಲವಲ್ಲ ಎಂದೆ. "ಮೇಣ ಹಚ್ಚದೆ ಯಾರು ಕಟ್ಟುತ್ತಾರೆ? ಅದನ್ನೂ ಬರೆಯಬೇಕೇ?" ಎಂದು ನಕ್ಕರು.

ಮಾರನೆಯ ದಿನ ಕಚೇರಿಯಿಂದ ಬರುವಾಗ ಮಾರುಕಟ್ಟೆಯ ಬೇವಿನ ಮರದಡಿ ಕೂರುವ ಮೋಚಿಯಿಂದ ಹೊಲಿಗೆ ದಾರಕ್ಕೆ ಹಚ್ಚುವ ಕಪ್ಪು ಮೇಣದ ಒಂದು ಉಂಡೆ ತಂದೆ. ಮನೆಯಾಕೆ ಸೀರೆಯ ಕುಚ್ಚಿಗೆಂದು ಇಟ್ಟಿದ್ದ ಹಳದಿ ರೇಷ್ಮೆಯಲ್ಲಿ ಒಂದೇ ಎಳೆ ಬಿಡಿಸಿ, ಮೇಣದ ಮೇಲೆ ಎರಡು ಸಲ ಎಳೆದೆ. ಅರಿಸಿನದ ಬಣ್ಣ ಹೋಗಿ, ಮಳೆಗಾಲದ ಕಲ್ಲಿನ ಮೇಲಿನ ಪಾಚಿಯ ಬಣ್ಣ ಬಂತು. ಹೊಳೆಯ ಹುಳುವಿನ ಬಣ್ಣ ಅದೇ. ಈಗಿನ ನೈಲಾನ್ ದಾರಕ್ಕೆ ಕಾರ್ಖಾನೆಯಲ್ಲೇ ಬಣ್ಣವಿಲ್ಲದ ಮೇಣ ಹಚ್ಚಿರುತ್ತಾರೆ. ಪಟ್ಟಿಯಲ್ಲಿ ಹಳದಿ ಎಂದಿದೆಯೆಂದು ಆ ದಾರದಲ್ಲಿ ಕಟ್ಟಿದರೆ ನೊಣ ಅಚ್ಚ ಹಳದಿಯಾಗಿಯೇ ಉಳಿಯುತ್ತದೆ. ಪಟ್ಟಿಯಲ್ಲಿ ಒಂದಕ್ಷರವೂ ಬದಲಾಗದೆ ನೊಣ ಮಾತ್ರ ಬದಲಾಗಿರುತ್ತದೆ.

ಕಚೇರಿಯ ಕಡತಗಳಲ್ಲಿ ಹಿಂದಿನ ರೂಢಿಯಂತೆ ಮಾಡತಕ್ಕದ್ದು ಎಂಬ ಟಿಪ್ಪಣಿ ಎಷ್ಟೋ ಸಲ ಎದುರಾಗುತ್ತದೆ. ಆ ಹಿಂದಿನ ರೂಢಿ ಏನೆಂದು ಹುಡುಕಲು ಹೋದರೆ ಅದಕ್ಕಿಂತ ಹಿಂದಿನ ಕಡತದಲ್ಲೂ ಅದೇ ವಾಕ್ಯ. ರೂಢಿಯನ್ನು ಬಲ್ಲ ಒಬ್ಬ ಹಳೆಯ ಮನುಷ್ಯ ಇರುವವರೆಗೆ ಕೆಲಸ ನಡೆಯುತ್ತದೆ. ಅವನು ನಿವೃತ್ತನಾದ ದಿನ ಗೊತ್ತಾಗುತ್ತದೆ, ಬರೆದಿಟ್ಟದ್ದರಲ್ಲಿ ಮುಖ್ಯವಾದದ್ದೇ ಇರಲಿಲ್ಲವೆಂದು. ಬರೆಯುವವನು ಬಚ್ಚಿಟ್ಟಿದ್ದಾನೆಂದಲ್ಲ. ಎಲ್ಲರಿಗೂ ಗೊತ್ತಿರುವುದನ್ನು ಯಾರು ಬರೆಯುತ್ತಾರೆ?

ಕುತೂಹಲದಿಂದ ಈ ವಿದ್ಯೆಯ ಹಳೆಯ ಪುಸ್ತಕಗಳ ವಿಷಯ ಓದುತ್ತ ಹೋದೆ. ಇಂಗ್ಲಿಷಿನಲ್ಲಿ ಗಾಳದ ಬಗ್ಗೆ ಮೊದಲು ಅಚ್ಚಾದ ಪ್ರಬಂಧ 1496ರದು. ಡೇಮ್ ಜೂಲಿಯಾನ ಬರ್ನರ್ಸ್ ಎಂಬ ಸನ್ಯಾಸಿನಿ ಬರೆದದ್ದೆಂದು ಹೇಳುವ ವಾಡಿಕೆ. ವಿದ್ವಾಂಸರು ಅದನ್ನು ಪೂರ್ತಿ ಒಪ್ಪುವುದಿಲ್ಲ. ಅದರಲ್ಲಿ ತಿಂಗಳಿಗೆ ತಕ್ಕಂತೆ 12 ನೊಣಗಳ ಪಟ್ಟಿಯಿದೆ. ಯಾವ ಬಣ್ಣದ ಉಣ್ಣೆ, ಯಾವ ಹಕ್ಕಿಯ ರೆಕ್ಕೆ ಎಂಬುದು ಇದೆ. ಆ ಗರಿಯನ್ನು ಕೊಕ್ಕೆಗೆ ಹೇಗೆ ಕಟ್ಟಬೇಕು, ನಿಲ್ಲಿಸಿ ಕಟ್ಟಬೇಕೇ, ಮಲಗಿಸಿಯೇ ಎಂಬುದು ಇಲ್ಲ. ಆ 12 ನೊಣಗಳು ನೋಡಲು ಹೇಗಿದ್ದವು, ಯಾವ ಯಾವ ಹುಳುಗಳ ಪ್ರತಿರೂಪ ಎಂದು ಐದು ನೂರು ವರ್ಷಗಳ ನಂತರವೂ ಚರ್ಚೆ ನಡೆದೇ ಇದೆ.

ಸುಮಾರು ನೂರೆಂಬತ್ತು ವರ್ಷಗಳಾದ ಮೇಲೆ, 1676ರಲ್ಲಿ, ಚಾರ್ಲ್ಸ್ ಕಾಟನ್ ಎಂಬವನು ತನ್ನ ಮಿತ್ರ ಐಸಾಕ್ ವಾಲ್ಟನನ ಹೆಸರಾಂತ ಪುಸ್ತಕಕ್ಕೆ ಎರಡನೆಯ ಭಾಗವನ್ನು ಬರೆದ. ವಾಲ್ಟನನ ಮೂಲ ಪುಸ್ತಕ 1653ರದು. ಕಾಟನ್ ಪಟ್ಟಿ ಕೊಟ್ಟು ಸುಮ್ಮನಾಗಲಿಲ್ಲ. ಕಲಿಯಲು ಬಂದವನೊಬ್ಬನನ್ನು ಎದುರಿಗೆ ಕೂರಿಸಿಕೊಂಡಂತೆ, ಮಾತುಕತೆಯ ರೂಪದಲ್ಲಿ, ಕೊಕ್ಕೆ ಹಿಡಿಯುವುದರಿಂದ ಕೊನೆಯ ಗಂಟಿನವರೆಗೆ ವಿವರಿಸಿದ. ಉಣ್ಣೆಯ ನಿಜವಾದ ಬಣ್ಣ ತಿಳಿಯಬೇಕಾದರೆ ಅದನ್ನು ಸೂರ್ಯನಿಗೂ ಕಣ್ಣಿಗೂ ನಡುವೆ ಹಿಡಿದು ನೋಡಬೇಕೆಂದು ಹೇಳಿಕೊಟ್ಟ. ಮೀನು ನೊಣವನ್ನು ನೋಡುವುದು ಕೆಳಗಿನಿಂದ, ಬೆಳಕಿಗೆ ಎದುರಾಗಿ ತಾನೇ? ಮೇಜಿನ ಮೇಲಿಟ್ಟು ನೋಡುವ ನಮಗೆ ಕಾಣುವ ಬಣ್ಣವೇ ಬೇರೆ. ಇಂಥ ಮಾತು ಪಟ್ಟಿಯಲ್ಲಿ ಹಿಡಿಸುವುದಿಲ್ಲ.

ಬೇಕೆಂದೇ ಬಚ್ಚಿಟ್ಟವರೂ ಇದ್ದರೆನ್ನಿ. ಇಂಗ್ಲೆಂಡಿನ ಡೆವನ್ ಸೀಮೆಯ ಟಿವರ್ಟನ್ ಊರಿನಲ್ಲಿ ಆಸ್ಟಿನ್ ಎಂಬವನು 1900ರ ಸುಮಾರಿಗೆ ನಸುಗೆಂಪು ಮಿಶ್ರಿತ ಉಣ್ಣೆಯ ಒಂದು ನೊಣ ಕಟ್ಟಿದ. ಅದಕ್ಕೆ ಟಪ್ಸ್ ಇಂಡಿಸ್ಪೆನ್ಸಬಲ್ ಎಂದು ಹೆಸರಿಟ್ಟವನು ಸ್ಕ್ಯೂಸ್ ಎಂಬ ಲಂಡನ್ನಿನ ವಕೀಲ. ಟಪ್ ಎಂದರೆ ಟಗರು. ಆ ಉಣ್ಣೆ ಟಗರಿನ ತೊಡೆಸಂದಿಯದು ಎಂಬುದೇ ಗುಟ್ಟು. ಆಸ್ಟಿನ್ ತೀರಿಕೊಂಡ ಮೇಲೆ ಅವನ ಮಗಳು ಅದೇ ನೊಣ ಕಟ್ಟಿ ಮಾರಿ ಜೀವನ ನಡೆಸಿದಳು. ಗುಟ್ಟು ಬಲ್ಲ ಮಿತ್ರರು ಅವಳ ಅನ್ನಕ್ಕೆ ಕಲ್ಲು ಹಾಕಬಾರದೆಂದು ಬಾಯಿ ಬಿಡಲಿಲ್ಲ. ಅವಳು ವ್ಯಾಪಾರ ನಿಲ್ಲಿಸಿದ ಮೇಲೆ, 1930ರ ದಶಕದಲ್ಲಿ, ಅದು ಹೊರಬಂತು. ನನಗೆ ಅನ್ನಿಸುವುದು ಹೀಗೆ. ಬಚ್ಚಿಟ್ಟ ಗುಟ್ಟು ಉಳಿಯುತ್ತದೆ, ಏಕೆಂದರೆ ಅದೊಂದು ಗುಟ್ಟೆಂದು ಬಚ್ಚಿಟ್ಟವರಿಗೆ ಗೊತ್ತಿರುತ್ತದೆ. ಕಳೆದುಹೋಗುವುದು ಬಾವೂಜಿಯ ಮೇಣದಂಥದು.

ಇನ್ನೊಂದು ಬಗೆಯೂ ಇದೆ. ಬರೆದದ್ದೆಲ್ಲ ಸರಿಯಾಗಿಯೇ ಇದ್ದು, ಅದು ಹಾಗೇಕೆ ಎಂಬುದು ಮರೆತುಹೋಗುವುದು. ಇಂಗ್ಲೆಂಡಿನ ವಿಲ್ಟ್‌ಷೈರಿನ ಏವನ್ ಹೊಳೆಯ ಕಾವಲುಗಾರ ಫ್ರಾಂಕ್ ಸಾಯರ್ 1958ರಲ್ಲಿ ಒಂದು ಪುಸ್ತಕ ಬರೆದ. ಅವನ ಹೆಸರಾಂತ ನಮೂನೆಯಲ್ಲಿ ಇರುವುದು ಎರಡೇ ವಸ್ತು: ಫೆಸಂಟ್ ಹಕ್ಕಿಯ ಬಾಲದ ಗರಿಯ ಎಳೆಗಳು, ಕೂದಲಿನಷ್ಟು ತೆಳುವಾದ ತಾಮ್ರದ ತಂತಿ. ದಾರವೇ ಇಲ್ಲ, ತಂತಿಯೇ ದಾರ. ಕಾಲುಗಳೂ ಇಲ್ಲ. ಏಕೆಂದರೆ ಅದು ನೀರಿನೊಳಗೆ ಈಜುವ ಮರಿಹುಳುವಿನ ಪ್ರತಿರೂಪ. ಈಜುವಾಗ ಅದು ಕಾಲುಗಳನ್ನು ಮೈಗೆ ಒತ್ತಿಕೊಂಡಿರುತ್ತದೆ. ನೊಣ ಮುಳುಗಲು ಬೇಕಾದ ಭಾರ ತಂತಿಯದು. ಇದನ್ನು ಹೊಳೆಯ ದಂಡೆಯಲ್ಲಿ ವರ್ಷಗಟ್ಟಲೆ ಬಗ್ಗಿ ನೋಡಿದವನು ಮಾತ್ರ ಕಟ್ಟಬಲ್ಲ. ಆಮೇಲೆ ಬಂದವರು ತಂತಿಯ ಬದಲು ದಾರ ಹಾಕಿದರು; ನೋಡಲು ಚೆನ್ನಾಗಿರಲೆಂದು ಕಾಲುಗಳನ್ನು ಸೇರಿಸಿದರು. ಪೇಟೆಯಲ್ಲಿ ಹೆಸರು ಮಾತ್ರ ಅದೇ. ಬಾವೂಜಿಯ ಪುಸ್ತಕದಲ್ಲಿ ಈ ನಮೂನೆಯೂ ಇದೆ. ಕೆಟ್ಟುಹೋದ ಫ್ಯಾನಿನ ಮೋಟಾರಿನಿಂದ ಬಿಚ್ಚಿದ ತಾಮ್ರದ ತಂತಿಯಲ್ಲಿ ನಾವದನ್ನು ಕಟ್ಟಿದೆವು.

ಹಾಗಾದರೆ ನಮೂನೆಯಲ್ಲಿ ಏನನ್ನೂ ಬದಲಿಸಬಾರದೇ? ಬದಲಿಸದೆ ಗತಿಯಿಲ್ಲದ ಸಂದರ್ಭಗಳೂ ಇವೆ. ಬಾವೂಜಿಯ ಹಳೆಯ ಪುಟಗಳಲ್ಲಿ ಎರಡು ಕಡೆ ಮೋನಾಲ್ ಹಕ್ಕಿಯ ಗರಿ ಎಂದಿತ್ತು. ಅದನ್ನು ಕೆಂಪು ಶಾಯಿಯಲ್ಲಿ ಹೊಡೆದು, ಪಕ್ಕದಲ್ಲಿ 1972 ಎಂದು ಬರೆದು, ಬಣ್ಣ ಹಾಕಿದ ಬಾತುಕೋಳಿಯ ಗರಿ ಎಂದು ತಿದ್ದಿದ್ದರು. ಅದು ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ವರ್ಷ. ಕಾನೂನು ಬಂದ ವರ್ಷವೇ ಮನೆಯೊಳಗಿನ ನೋಟುಬುಕ್ಕನ್ನು ತಿದ್ದಿಕೊಂಡ ಸರ್ಕಾರಿ ನೌಕರರ ಬಗ್ಗೆ ನನಗೆ ಹೆಮ್ಮೆಯೇ ಆಯಿತು.

ಇನ್ನೊಂದು ಪುಟದಲ್ಲಿ ಜಂಗಲ್ ಕಾಕ್ ಎಂದಿತ್ತು. ಇಂಗ್ಲೆಂಡಿನ ಸಾಲ್ಮನ್ ಮೀನಿನ ಬಣ್ಣಬಣ್ಣದ ನೊಣಗಳಲ್ಲಿ ಇದಕ್ಕೆ ದೊಡ್ಡ ಸ್ಥಾನ. ಆ ನೊಣಗಳನ್ನು ಕುರಿತು ಕೆಲ್ಸನ್ ಎಂಬವನು 1895ರಲ್ಲಿ ಬರೆದ ದಪ್ಪ ಪುಸ್ತಕದಲ್ಲಿ ಈ ಗರಿ ಮತ್ತೆ ಮತ್ತೆ ಬರುತ್ತದೆ. ಯಾವ ದೇಶದ ಹಕ್ಕಿಯೋ ಎಂದು ಚಿತ್ರ ನೋಡಿದರೆ ಕತ್ತಿನ ತುಂಬ ಮೇಣದ ಹನಿ ಬಿದ್ದಂತೆ ಹೊಳೆಯುವ ಚುಕ್ಕೆಗಳು. ನಮ್ಮ ಮಲೆನಾಡಿನ ಕಾಡುಕೋಳಿ! ಬೆಳಗಿನ ಜಾವ ಅಡಿಕೆ ತೋಟದ ಮೇಲಿನ ಕಾಡಿನಿಂದ ಕೂಗುವ ಅದೇ ಹುಂಜ. ದಕ್ಷಿಣ ಭಾರತದ ಈ ಹಕ್ಕಿಯ ಕತ್ತಿನ ಗರಿ ಹಡಗು ಹತ್ತಿ ಸ್ಕಾಟ್ಲೆಂಡಿನ ಹೊಳೆಗಳವರೆಗೆ ಹೋಗಿತ್ತು. 1902ರಲ್ಲೇ ಹಕ್ಕಿಗಳ ಗರಿಯ ರಫ್ತಿಗೆ ನಮ್ಮಲ್ಲಿ ನಿಷೇಧ ಬಂತು. 1972ರ ಕಾಯ್ದೆ ಈ ಕಾಡುಹುಂಜಕ್ಕೂ ರಕ್ಷಣೆ ಕೊಟ್ಟಿತು. ಹೊರದೇಶಗಳಲ್ಲಿ ಈಗ ಇದನ್ನು ಗೂಡಿನಲ್ಲಿ ಸಾಕಿ ಗರಿ ಮಾರುತ್ತಾರೆ. ನಾವು ಬಿಳಿ ಕೋಳಿಗರಿಗೆ ಹಳದಿ ಬಣ್ಣದ ಒಂದು ಚುಕ್ಕೆ ಇಟ್ಟೆವು. ಮೀನಿಗೆ ಬೇಕಾದದ್ದು ಆ ಹೊಳಪಿನ ಚುಕ್ಕೆಯೇ ಹೊರತು ಹಕ್ಕಿಯ ಗೋತ್ರವಲ್ಲ ಎಂಬುದು ಬಾವೂಜಿಯ ಮತ.

ಇನ್ನು ಸಾಧಾರಣ ಹ್ಯಾಕಲ್. ಅಮೆರಿಕದಲ್ಲಿ 1970ರ ದಶಕದಿಂದ ಇದಕ್ಕೆಂದೇ ಹುಂಜಗಳ ವಿಶೇಷ ತಳಿ ಬೆಳೆಸಿ ಮಾರುವ ಉದ್ಯಮ ದೊಡ್ಡದಾಯಿತು. ಅದಕ್ಕೆ ಮುಂಚೆ ಅಲ್ಲಿನವರು ಹೆಚ್ಚಾಗಿ ನೆಚ್ಚಿದ್ದು ಭಾರತ, ಚೀನಗಳಿಂದ ಬರುತ್ತಿದ್ದ ನಾಟಿ ಹುಂಜಗಳ ಕತ್ತಿನ ಚರ್ಮವನ್ನೇ. ಇಂಡಿಯನ್ ಕೇಪ್ ಎಂದೇ ಅದರ ಹೆಸರು. ಯಾವುದೋ ಹಳ್ಳಿಯ ತಿಪ್ಪೆ ಕೆದಕಿದ ಹುಂಜ ಹೀಗೆ ಸಮುದ್ರ ದಾಟಿದೆ. ಗ್ರೀನ್‌ವೆಲ್ ಪಾದ್ರಿಯ ನೊಣಕ್ಕೆ ಬೇಕಾದ, ನಡುವೆ ಕಪ್ಪಾಗಿ ಅಂಚು ಕೆಂಗಂದಾಗಿರುವ ಗರಿಯನ್ನು ಹುಡುಕಲು ನಾವು ಹೋದದ್ದು ಬಡಾವಣೆಯ ಕೋಳಿ ಅಂಗಡಿಗೆ. ಮಾಂಸ ಬೇಡ, ಕತ್ತಿನ ಗರಿ ಸಾಕು ಎಂದಾಗ ಅಂಗಡಿಯವನು ನಮ್ಮನ್ನು ಮಾಟ ಮಾಡುವವರೆಂದು ತಿಳಿದನೋ ಏನೋ, ದುಡ್ಡೇ ತೆಗೆದುಕೊಳ್ಳಲಿಲ್ಲ.

ಗಾಳದ ಸಾಹಿತ್ಯಕ್ಕೂ ನಮ್ಮ ಕರಾವಳಿಗೂ ಒಂದು ನಂಟಿರುವುದು ಈ ಹುಡುಕಾಟದಲ್ಲೇ ತಿಳಿಯಿತು. ದಕ್ಷಿಣ ಕನ್ನಡದಲ್ಲಿ ಕಲೆಕ್ಟರಾಗಿದ್ದ ಹೆನ್ರಿ ಸಲಿವನ್ ಥಾಮಸ್ ಎಂಬವರು ಭಾರತದ ಮೀನುಗಳನ್ನು ಗಾಳದಿಂದ ಹಿಡಿಯುವ ಬಗ್ಗೆ ಬರೆದ ದೊಡ್ಡ ಪುಸ್ತಕ 1873ರಲ್ಲಿ ಮಂಗಳೂರಿನಲ್ಲೇ ಅಚ್ಚಾಯಿತು. ನಮ್ಮ ಹೊಳೆಗಳ ಮಹಶೀರ್ ಮೀನಿಗೂ ಇಂಥ ನೊಣ ನಡೆಯುತ್ತದೆಂದು ಅವರು ವಿವರವಾಗಿ ಬರೆದಿದ್ದಾರೆ. ಇದನ್ನು ಹೇಳಿದಾಗ ಬಾವೂಜಿ, "ಹಾಗಾದರೆ ನೀನೂ ನಮ್ಮವನೇ," ಎಂದರು.

ಹೀಗೆ ವಾರಕ್ಕೊಂದು ಸಂಜೆಯಂತೆ 19 ನಮೂನೆಗಳು ಮುಗಿದಿದ್ದವು. ಪ್ರತಿಯೊಂದಕ್ಕೂ ಒಂದು ನೊಣ ಕಟ್ಟುವುದು, ಕಟ್ಟುತ್ತ ಕೇಳುವುದು, ಕೇಳಿದ್ದನ್ನು ಬರೆಯುವುದು. ಬರಿದೆ ಕೇಳಿದರೆ ಬಾವೂಜಿಗೆ ಹೇಳಲು ಏನೂ ತೋಚುತ್ತಿರಲಿಲ್ಲ. ನಾನು ದಾರ ಹಿಡಿದರೆ ಮಾತ್ರ, "ಅಲ್ಲಲ್ಲ, ಗರಿಯ ಹೊಳೆಯುವ ಬದಿ ಆಚೆಗೆ," "ತಂತಿಯನ್ನು ದಾರಕ್ಕೆ ಎದುರು ದಿಕ್ಕಿನಲ್ಲಿ ಸುತ್ತು," ಎಂದು ಮಾತು ಹೊರಡುತ್ತಿತ್ತು. ಅವರ ವಿದ್ಯೆ ಇದ್ದದ್ದು ಬೆರಳಿನಲ್ಲಿ. ಬೇರೊಬ್ಬರ ಬೆರಳು ದಾರಿ ಬಿಟ್ಟಾಗ ಮಾತ್ರ ಅದು ನಾಲಗೆಗೆ ಬರುತ್ತಿತ್ತು.

ಹೋದ ವರ್ಷದ ಜನವರಿಯಲ್ಲಿ ಬಾವೂಜಿಗೆ ಪಾರ್ಶ್ವವಾಯು ಹೊಡೆಯಿತು. ಪ್ರಾಣಾಪಾಯ ತಪ್ಪಿತು. ಬಲಗೈ, ಬಲಗಾಲು ಬಿದ್ದುಹೋದವು. ಮಾತು ಹೋಯಿತು. ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ನೋಡಲು ಹೋದಾಗ ಎಡಗೈಯಿಂದ ಕಪಾಟಿನ ಕಡೆ ತೋರಿಸಿದರು. ಅಮ್ಮಾಜಿಗೆ ಅರ್ಥವಾಗದೆ ಔಷಧಿ ತಂದರು, ಕನ್ನಡಕ ತಂದರು. ತಲೆಯಾಡಿಸಿದರು. ಕೊನೆಗೆ ತಗಡಿನ ಡಬ್ಬಿ ತಂದಾಗ ಸುಮ್ಮನಾದರು. ಇನ್ನೂ 12 ನಮೂನೆಗಳು ಉಳಿದಿದ್ದವು.

ಮಾತಿಲ್ಲದಿದ್ದರೂ ಕಣ್ಣು ಚುರುಕಾಗಿಯೇ ಇತ್ತು. ಹ್ಯಾಕಲ್ ಯಥಾಪ್ರಕಾರ ಎಂದು ಬರೆದಿರುವ ಕಡೆ ಐದಾರು ಬಗೆಯ ಗರಿಗಳನ್ನು ಬಿಳಿ ಕಾಗದದ ಮೇಲೆ ಸಾಲಾಗಿ ಇಡುತ್ತಿದ್ದೆ. ಎಡಗೈಯ ಬೆರಳಿನಿಂದ ಒಂದೊಂದನ್ನೇ ಆಚೆ ತಳ್ಳುತ್ತ ಒಂದನ್ನು ಉಳಿಸುತ್ತಿದ್ದರು. ಒಮ್ಮೊಮ್ಮೆ ಎಲ್ಲವನ್ನೂ ತಳ್ಳಿಬಿಡುತ್ತಿದ್ದರು. ಆಗ ನಾನು ಮುಂದಿನ ವಾರ ಬೇರೆ ಗರಿ ಹುಡುಕಿ ತರಬೇಕು. ಒಂದು ನಮೂನೆಗೆ ನಾಲ್ಕು ವಾರ ಹಿಡಿಯಿತು. ಕೊನೆಗೆ ಬೇಕಾದದ್ದು ಹುಂಜದ ಗರಿಯಲ್ಲ, ಹೇಂಟೆಯದೆಂದು ಗೊತ್ತಾಯಿತು. ಹೇಂಟೆಯ ಗರಿ ಮೆದು. ನೀರಿನಲ್ಲಿ ಬಾಗುತ್ತದೆ, ಜೀವವಿದ್ದಂತೆ ಆಡುತ್ತದೆ. ಮುಳುಗುವ ನೊಣಕ್ಕೆ ಅದೇ ಸರಿ. ಹೀಗೆ ಐದು ನಮೂನೆಗಳು ಮುಗಿದವು. ಆಮೇಲೆ ಅವರಿಗೆ ಬೇಗ ಆಯಾಸವಾಗತೊಡಗಿತು. ನಾನೂ ಒತ್ತಾಯಿಸಲಿಲ್ಲ.

ಉಳಿದದ್ದು ಏಳು. ಅದರಲ್ಲಿ ನಾಲ್ಕು ಬಗೆಯ ನೊಣಗಳು ಡಬ್ಬಿಯಲ್ಲಿ ಎರಡೆರಡು, ಮೂರು ಮೂರು ಇದ್ದವು. ಕಾಲೇಜಿನಲ್ಲಿ ಜಿರಲೆ, ಕಪ್ಪೆಗಳನ್ನು ಸೀಳಿ ನೋಡಿದ ವಿದ್ಯೆ ಇಪ್ಪತ್ತೈದು ವರ್ಷಗಳ ಮೇಲೆ ಉಪಯೋಗಕ್ಕೆ ಬಂತು. ಬಾವೂಜಿಯ ಮಗಳ ಒಪ್ಪಿಗೆ ಪಡೆದು, ಪ್ರತಿಯೊಂದು ಬಗೆಯಲ್ಲೂ ಒಂದನ್ನು ಭೂತಗನ್ನಡಿಯ ಕೆಳಗೆ ಸೂಜಿಯಿಂದ ಬಿಚ್ಚಿದೆ. ಕಟ್ಟಿದ ನೊಣವನ್ನು ಬಿಚ್ಚುವುದೆಂದರೆ ಕಡತವನ್ನು ಕೊನೆಯ ಪುಟದಿಂದ ಓದಿದ ಹಾಗೆ. ಕೊನೆಯಲ್ಲಿ ಕಟ್ಟಿದ್ದು ಮೊದಲು ಬಿಡುತ್ತದೆ. ಎಷ್ಟು ಸುತ್ತು, ಯಾವ ದಿಕ್ಕು, ರೆಕ್ಕೆಯ ಅಡಿಯಲ್ಲಿ ಎಷ್ಟು ಉಣ್ಣೆ, ಎಲ್ಲ ಕಾಣುತ್ತದೆ. ಒಂದರೊಳಗೆ, ಪಟ್ಟಿಯಲ್ಲಿ ಇಲ್ಲದ ಒಂದು ಎಳೆ ಬಿಳಿಯ ಉಣ್ಣೆ ಇತ್ತು. ಬೆಳಕಿಗೆ ಹಿಡಿದಾಗ ಮೇಲಿನ ಬಣ್ಣವನ್ನು ಒಳಗಿನಿಂದ ತಿಳಿಯಾಗಿಸಲು ಇಟ್ಟದ್ದೆಂದು ತಿಳಿಯಿತು. ಕಾಟನ್ ಹೇಳಿದ್ದನ್ನು ಬಾವೂಜಿ ಓದಿದ್ದರೋ, ಹೊಳೆಯ ದಂಡೆಯಲ್ಲಿ ತಾವೇ ಕಂಡುಕೊಂಡಿದ್ದರೋ, ಇನ್ನು ಕೇಳುವಂತಿಲ್ಲ.

ಬಾಕಿ ಮೂರು. ಎರಡರದು ಒಂದೊಂದೇ ನೊಣ ಉಳಿದಿದೆ. ಬಿಚ್ಚಿದರೆ ತಿಳಿಯುತ್ತದೆ, ಆದರೆ ನೊಣ ಹೋಗುತ್ತದೆ; ನಾನು ಮತ್ತೆ ಕಟ್ಟಿದ್ದು ಅವರ ಕೈಯದಾಗುವುದಿಲ್ಲ. ಅವನ್ನು ಬಿಚ್ಚಲಿಲ್ಲ. ಇನ್ನೊಂದರದು ಹೆಸರು ಮತ್ತು ಅರ್ಧ ಸಾಲು ಮಾತ್ರ ಇದೆ, ನೊಣವೇ ಇಲ್ಲ.

ಇಷ್ಟೆಲ್ಲ ಒಂದು ಮೀನಿನ ನೊಣಕ್ಕೆ ಯಾಕೆ ಎಂದು ಓದುಗರಿಗೆ ಅನ್ನಿಸಬಹುದು. ನಮ್ಮ ಮನೆಯಲ್ಲಿ ಅಮ್ಮ ಪತ್ರದಲ್ಲಿ ಬರೆದು ಕಳಿಸಿದ ಸಾರಿನ ಪುಡಿಯ ಪಟ್ಟಿಯಿದೆ. ಕೊತ್ತಂಬರಿ, ಮೆಣಸಿನಕಾಯಿ, ಜೀರಿಗೆ, ಮೆಂತ್ಯಗಳ ಅಳತೆಯೆಲ್ಲ ಸರಿಯಾಗಿಯೇ ಇದೆ. ಕೊನೆಗೆ ಹದವಾಗಿ ಹುರಿಯುವುದು ಎಂದಿದೆ. ಆ ಹದ ಯಾವುದು? ಯಾವ ಬಣ್ಣಕ್ಕೆ, ಯಾವ ವಾಸನೆಗೆ ಒಲೆಯಿಂದ ಇಳಿಸಬೇಕು? ಊರು ಬಿಟ್ಟು ಬಂದ ನಮ್ಮೆಲ್ಲರ ಮನೆಗಳಲ್ಲೂ ಇಂಥ ಪಟ್ಟಿಗಳಿವೆ. ಗೌರಿಯ ಬಾಗಿನದ ಪಟ್ಟಿ, ಉಪ್ಪಿನಕಾಯಿಯ ಪಟ್ಟಿ, ಹಸೆ ಬರೆಯುವ ಎಳೆಗಳ ಲೆಕ್ಕ. ಸಾಮಾನು ಸಿಗದಿದ್ದರೆ ಬದಲಿ ಹಾಕಬಹುದು. ಬಾವೂಜಿ ಮೋನಾಲಿಗೆ ಬಾತುಕೋಳಿ ಹಾಕಲಿಲ್ಲವೇ? ಆದರೆ ಬದಲಿ ಹಾಕಬೇಕಾದರೂ ಮೂಲದ್ದು ಯಾತಕ್ಕಾಗಿ ಇತ್ತೆಂದು ತಿಳಿದಿರಬೇಕು. ಹೋದ ಬೇಸಿಗೆ ರಜದಲ್ಲಿ ಊರಿಗೆ ಹೋದಾಗ ನನ್ನ ಮಗಳನ್ನು ಅಮ್ಮನ ಪಕ್ಕದಲ್ಲಿ ಒಲೆಯ ಮುಂದೆ ನಿಲ್ಲಿಸಿದೆ. ಸೌಟು ಅವಳ ಕೈಗೇ ಕೊಟ್ಟೆ. ಅಮ್ಮ ಐದು ನಿಮಿಷ ಸುಮ್ಮನಿದ್ದರು. ಆಮೇಲೆ, "ಮೆಂತ್ಯ ಕೆಂಪಗಾದರೆ ಕಹಿಯಾಗುತ್ತದೆ ಮಗಾ, ಈಗಲೇ ತೆಗಿ," ಎಂದರು. ಅದು ಪತ್ರದಲ್ಲಿ ಇರಲಿಲ್ಲ.

ಹಿಮಾಚಲದಲ್ಲಿ ನವೆಂಬರಿನಿಂದ ಫೆಬ್ರವರಿಯವರೆಗೆ ಟ್ರೌಟ್ ಹಿಡಿಯುವಂತಿಲ್ಲ. ಮೀನು ಮೊಟ್ಟೆಯಿಡುವ ಕಾಲ. ಈ ವರ್ಷ ಮಾರ್ಚಿಯಲ್ಲಿ ಹೊಳೆ ತೆರೆಯುವ ಮುನ್ನ ಹೊಸ ನೋಟುಬುಕ್ಕನ್ನು ಮೊಮ್ಮಗನಿಗೆ ಕಳಿಸಿಕೊಟ್ಟೆ. ಪ್ರತಿ ಪುಟದಲ್ಲೂ ಮೂರು ಕಲಮುಗಳು: ಏನು, ಹೇಗೆ, ಯಾಕೆ. ಹಿಂದಿಯಲ್ಲೇ ಬರೆದಿದ್ದೇನೆ. ಮೇಣದ ಒಂದು ಉಂಡೆಯನ್ನೂ ಪೊಟ್ಟಣದಲ್ಲಿ ಹಾಕಿದೆ. ಮೂರು ಪುಟಗಳಲ್ಲಿ ನಮೂನೆಯ ಹೆಸರನ್ನೂ, ಬಾವೂಜಿ ಬರೆದಿದ್ದ ಸಾಲನ್ನೂ ಇದ್ದ ಹಾಗೆ ಎತ್ತಿಕೊಂಡು, ಎರಡು ಕಲಮುಗಳನ್ನು ಖಾಲಿ ಬಿಟ್ಟಿದ್ದೇನೆ. ಆ ಕಣಿವೆಯಲ್ಲಿ ಅವರ ಜೊತೆ ಗಾಳ ಹಾಕಿದ ಮುದುಕರು ಇನ್ನೂ ಇಬ್ಬರೋ ಮೂವರೋ ಇದ್ದಾರಂತೆ. ಅವರೆದುರು ಕೂತು ಬೇಕೆಂದೇ ಒಂದು ಸುತ್ತು ತಪ್ಪಾಗಿ ಸುತ್ತಿ ನೋಡು ಎಂದು ಹುಡುಗನಿಗೆ ಹೇಳಿದ್ದೇನೆ.